ನೆರೆಯವರ ಜಗಳದಲ್ಲಿ ಹೊರಗಿನವರ ಕೈ ಎಷ್ಟು?

ಈ ಸಲದ ಪ್ರಶ್ನೆ: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ ನಡುವಿನ ಸಂಬಂಧ ಕೆಡುವುದಕ್ಕೆ ಹೊರಗಿನ ದೇಶಗಳ ಕೈವಾಡವೇ ಮುಖ್ಯ ಕಾರಣವೇ? ಕಾಸರಗೋಡು ಜಿಲ್ಲೆಯ ಇಬ್ಬರು ಬರೆದಿದ್ದಾರೆ. ಒಬ್ಬರು ಬದಿಯಡ್ಕ ಕಡೆಯ ಅಡಿಕೆ ಕೃಷಿಕರು. ಇನ್ನೊಬ್ಬರು ಮಂಜೇಶ್ವರ ಕಡೆಯ ನಿವೃತ್ತ ಹೈಸ್ಕೂಲು ಅಧ್ಯಾಪಕಿ.

ಪರ: ಹೌದು, ಕಡ್ಡಿ ಗೀರುವವರು ಹೊರಗಿನವರೇ

ಪರ ಬರೀತೀರಾ, ವಿರೋಧ ಬರೀತೀರಾ ಅಂತ ಫೋನಿನಲ್ಲಿ ಕೇಳಿದಾಗ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಪರ. ಇನ್ನೊಂದು ಬದಿ ಕೊಟ್ಟಿದ್ದರೆ ಬರೆಯುತ್ತಲೇ ಇರಲಿಲ್ಲ. ವಿರೋಧ ಬರೆಯುವವರು ಟೀಚರ್ ಅಂತೆ. ಒಳ್ಳೆಯವರು, ಓದಿಕೊಂಡವರು. ಆದರೆ ಏನೇ ಆದರೂ ತಪ್ಪು ನಮ್ಮದೇ ಅನ್ನುವುದು ಈಗ ಓದಿದವರಿಗೆ ಒಂದು ಚಾಳಿ ಆಗಿಬಿಟ್ಟಿದೆ. ಮಳೆ ಬಾರದಿದ್ದರೂ ನಮ್ಮದೇ ತಪ್ಪು, ಬಂದರೂ ನಮ್ಮದೇ.

ಮೊದಲು ಗಡಿಗಳನ್ನೇ ನೋಡಿ. ನಮ್ಮ ಸುತ್ತ ರಕ್ತ ಹರಿಸಿದ ಗೆರೆಗಳಲ್ಲಿ ಇಲ್ಲಿನವರು ಎಳೆದದ್ದು ಯಾವುದು? ಅಫ್ಘಾನಿಸ್ತಾನದ ಕಡೆ ಡ್ಯೂರಾಂಡ್ ರೇಖೆ, 1893ರದ್ದು. ಬ್ರಿಟಿಷ್ ಇಂಡಿಯಾದ ವಿದೇಶಾಂಗ ಕಾರ್ಯದರ್ಶಿಯ ಹೆಸರು ಅದಕ್ಕೆ. ಪಠಾಣರ ಊರುಗಳ ನಡುವೆಯೇ ಹಾದು ಹೋಯಿತು. ಕಾಬೂಲಿನವರು ಅದನ್ನು ಇವತ್ತಿಗೂ ಗಡಿ ಅಂತ ಒಪ್ಪಿಲ್ಲ. 1947ರಲ್ಲಿ ಪಾಕಿಸ್ತಾನವನ್ನು ವಿಶ್ವಸಂಸ್ಥೆಗೆ ಸೇರಿಸುವಾಗ ಬೇಡ ಎಂದು ಮತ ಹಾಕಿದ್ದು ಅಫ್ಘಾನಿಸ್ತಾನ ಒಂದೇ. ಎರಡೂ ಮುಸ್ಲಿಂ ದೇಶ, ಅಕ್ಕಪಕ್ಕದ ದೇಶ, ಆದರೂ. ಟಿಬೆಟ್ ಕಡೆ ಮ್ಯಾಕ್‌ಮಹೊನ್ ರೇಖೆ, 1914. ಅದರ ಮೇಲಿನ ಜಗಳ 1962ರಲ್ಲಿ ಏನು ಮಾಡಿತು ಅಂತ ಗೊತ್ತೇ ಇದೆ.

ಇನ್ನು ರ್ಯಾಡ್‌ಕ್ಲಿಫ್. ಲಂಡನ್ನಿನ ವಕೀಲ. ಅದಕ್ಕೆ ಮೊದಲು ಇಂಡಿಯಾ ಕಂಡವನೇ ಅಲ್ಲ. 1947ರ ಜುಲೈ 8ಕ್ಕೆ ಬಂದ. ಐದು ವಾರದಲ್ಲಿ ಪಂಜಾಬನ್ನೂ ಬಂಗಾಳವನ್ನೂ ಕೊಯ್ದು ಕೊಟ್ಟ. ನಮ್ಮಲ್ಲಿ ಒಂದು ಎಕರೆ ತೋಟದ ಗಡಿ ಅಳೆದು ಕಲ್ಲು ಹಾಕುವುದಕ್ಕೂ ಅದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ. ಗೆರೆ ಎಲ್ಲಿ ಅಂತ ಜನರಿಗೆ ಹೇಳಿದ್ದು ಆಗಸ್ಟ್ 17ಕ್ಕೆ. ಅಂದರೆ ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ. ಬಾವುಟ ಹಾರಿಸುವಾಗ ತಾವು ಯಾವ ದೇಶದವರು ಅಂತ ಗೊತ್ತಿಲ್ಲದ ಜಿಲ್ಲೆಗಳಿದ್ದವು. ಆತ ಗಂಟುಮೂಟೆ ಕಟ್ಟಿ ಹೋದವನು ತಿರುಗಿ ನೋಡಲಿಲ್ಲ.

ಗೆರೆ ಆಯಿತು. ಬಂದೂಕು ಎಲ್ಲಿಂದ ಬಂತು? 1954ರ ಮೇ ತಿಂಗಳಲ್ಲಿ ಅಮೆರಿಕ ಪಾಕಿಸ್ತಾನದ ಜೊತೆ ಸೇನಾ ಸಹಾಯದ ಒಪ್ಪಂದ ಮಾಡಿತು. ಅದೇ ವರ್ಷ ಸೀಟೋ ಕೂಟ, ಮರುವರ್ಷ ಬಗ್ದಾದ್ ಕೂಟ. ಕಮ್ಯುನಿಸ್ಟರನ್ನು ತಡೆಯಲಿಕ್ಕೆ ಅಂತ ಹೆಸರು. ಆ ಹೆಸರಲ್ಲಿ ಕೊಟ್ಟ ಪ್ಯಾಟನ್ ಟ್ಯಾಂಕುಗಳು 1965ರಲ್ಲಿ ಕಾಣಿಸಿಕೊಂಡದ್ದು ರಷ್ಯಾದ ಗಡಿಯಲ್ಲಲ್ಲ, ಪಂಜಾಬಿನ ಖೇಮಕರಣ್ ಗದ್ದೆಗಳಲ್ಲಿ. ಅಸಲ್ ಉತ್ತರ್ ಅನ್ನುವ ಊರಿನಲ್ಲಿ ನಮ್ಮವರು ಗದ್ದೆಗೆ ನೀರು ಬಿಟ್ಟರು. ಟ್ಯಾಂಕುಗಳು ಕೆಸರಿನಲ್ಲಿ ಹೂತವು. ಕಬ್ಬಿನ ಮರೆಯಿಂದ ಹೊಡೆದರು. ಅಬ್ದುಲ್ ಹಮೀದ್ ಜೀಪಿಗೆ ಕಟ್ಟಿದ ತೋಪಿನಿಂದ ಒಂದರ ಹಿಂದೆ ಒಂದು ಟ್ಯಾಂಕ್ ಉರುಳಿಸಿ ಅಲ್ಲೇ ಪ್ರಾಣ ಕೊಟ್ಟರು. ಪರಮವೀರ ಚಕ್ರ ಬಂತು. ಸತ್ತವರು ಈ ಕಡೆಯ ಮಕ್ಕಳು, ಟ್ಯಾಂಕಿನ ಒಳಗೆ ಬೆಂದವರು ಆ ಕಡೆಯ ಮಕ್ಕಳು. ಟ್ಯಾಂಕು ಮಾಡಿದ ಕಾರ್ಖಾನೆಯವರ ಮನೆಯಲ್ಲಿ ಯಾರೂ ಸಾಯಲಿಲ್ಲ.

1971ನ್ನು ನೋಡಿ. ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನನ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದಿಂದಲೇ ಗುಟ್ಟಾಗಿ ಬೀಜಿಂಗಿಗೆ ಹಾರಿದ. ಆ ಬಾಗಿಲು ತೆರೆದುಕೊಳ್ಳಲಿ ಅಂತ ಢಾಕಾದಲ್ಲಿ ನಡೆಯುತ್ತಿದ್ದ ಕೊಲೆಗಳನ್ನು ನಿಕ್ಸನ್ ಕಂಡೂ ಕಾಣದ ಹಾಗೆ ಇದ್ದ. ಒಂದು ಕೋಟಿಯಷ್ಟು ಜನ ಗಡಿ ದಾಟಿ ನಮ್ಮಲ್ಲಿಗೆ ಬಂದರು. ಡಿಸೆಂಬರಿನಲ್ಲಿ ಯುದ್ಧ ಶುರುವಾದ ಮೇಲೆ ಬಂಗಾಳ ಕೊಲ್ಲಿಗೆ ಬಂದದ್ದು ಅಮೆರಿಕದ ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ಹಡಗು. ನಮ್ಮನ್ನು ಹೆದರಿಸಲಿಕ್ಕೆ. ಆಮೇಲೆ ಎಂಬತ್ತರ ದಶಕ. ಅಫ್ಘಾನಿಸ್ತಾನದಲ್ಲಿ ರಷ್ಯನ್ನರ ಮೇಲೆ ಕಾದಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ದುಡ್ಡು, ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ಕೈಯಲ್ಲಿ ಹಂಚಿಕೆ. 1989ರಲ್ಲಿ ರಷ್ಯನ್ನರು ಹೋದರು. ಬಂದೂಕು ಹಿಡಿದು ಕಲಿತವರು ಮನೆಗೆ ಹೋಗಿ ಹೊಲ ಉತ್ತರೇ? ಕಾಶ್ಮೀರ ಯಾವಾಗ ಹೊತ್ತಿಕೊಂಡಿತು ಅಂತ ಇಸವಿ ನೋಡಿ. ಅಷ್ಟೇ ಸಾಕು.

ಈಗ ಆ ಜಾಗಕ್ಕೆ ಚೀನಾ ಬಂದಿದೆ. ಸ್ವೀಡನ್ನಿನ ಸಿಪ್ರಿ ಸಂಸ್ಥೆಯ ಲೆಕ್ಕದ ಪ್ರಕಾರ 2020ರಿಂದ 2024ರವರೆಗೆ ಪಾಕಿಸ್ತಾನ ಹೊರಗಿಂದ ತರಿಸಿದ ಶಸ್ತ್ರಗಳಲ್ಲಿ ಶೇ 81 ಚೀನಾದ್ದು. ಶ್ರೀಲಂಕಾದಲ್ಲಿ ಚೀನಾದ ಸಾಲದಲ್ಲಿ ಕಟ್ಟಿದ ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷದ ಗುತ್ತಿಗೆಗೆ ಚೀನಾದ ಕಂಪನಿಗೇ ಹೋಯಿತು. 99 ವರ್ಷ ಅಂದರೆ ಈಗ ಹುಟ್ಟಿದ ಮಗು ಮುದುಕ ಆಗಿ ಹೋದರೂ ಮುಗಿಯುವುದಿಲ್ಲ.

ಇದೆಲ್ಲ ಪೇಪರಿನಲ್ಲಿ ಓದಿದ್ದು. ನನ್ನ ಅಂಗಳದಲ್ಲೇ ನಡೆದದ್ದನ್ನು ಹೇಳುತ್ತೇನೆ, ಆಗ ಗೊತ್ತಾಗುತ್ತದೆ.

ನಮ್ಮಲ್ಲಿ ಅಡಿಕೆ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಬಿಡುತ್ತೇವೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಮೆಣಸೇ ಕೈ ಹಿಡಿಯುವುದು. 2015, 2016ರಲ್ಲಿ ಮೆಣಸಿಗೆ ಕಿಲೋಗೆ ಏಳುನೂರರ ಹತ್ತಿರ ರೇಟು ಇತ್ತು. ನಾನೂ ಆಸೆಪಟ್ಟು ಇನ್ನೊಂದಷ್ಟು ಪಣಿಯೂರು ಬಳ್ಳಿ ನೆಟ್ಟೆ. ಮರ ಹತ್ತಿ ಕೊಯ್ಯುವವರು ಸಿಗುವುದೇ ಕಷ್ಟ. ಏಣಿ ಇಟ್ಟು, ಸೊಂಟಕ್ಕೆ ಚೀಲ ಕಟ್ಟಿ, ಗೆರೆ ಗೆರೆ ಕೊಯ್ದು, ಬಿಡಿಸಿ, ಅಂಗಳದಲ್ಲಿ ಕರ್ರಗೆ ಒಣಗಿಸಿ ಪೇಟೆಗೆ ತೆಗೆದುಕೊಂಡು ಹೋದರೆ ಅಂಗಡಿಯವರು ಮುಖ ಸಿಂಡರಿಸಿದರು. ರೇಟು ಅರ್ಧಕ್ಕೆ ಬಂದಿತ್ತು. ಯಾಕೆ ಮಾರಾಯ್ರೆ ಅಂದೆ. ಅವರು ಮೂಲೆಯಲ್ಲಿದ್ದ ಇನ್ನೊಂದು ಚೀಲ ಬಿಚ್ಚಿ ಒಂದು ಹಿಡಿ ನನ್ನ ಅಂಗೈಗೆ ಹಾಕಿದರು. "ನೋಡಿ, ಶ್ರೀಲಂಕಾದ್ದು. ನಿಮ್ಮದಕ್ಕಿಂತ ಎಷ್ಟೋ ಕಡಿಮೆಗೆ ಬರ್ತದೆ."

ಕಾಳು ಒಂದೇ ಅಳತೆ, ಬಣ್ಣ ಸ್ವಲ್ಪ ಬೂದಿ. ಎರಡು ಕಾಳು ಬಾಯಿಗೆ ಹಾಕಿ ಕಚ್ಚಿದೆ. ಖಾರ ಬರಲಿಕ್ಕೇ ಕಾಯಬೇಕಾಯಿತು. ಶ್ರೀಲಂಕಾದ ಮೆಣಸು ಖಾರಕ್ಕೆ, ಎಣ್ಣೆಗೆ ಹೆಸರಾದದ್ದು. ಇದು ಆ ಜಾತಿಯಲ್ಲ ಅಂತ ನನ್ನ ನಾಲಿಗೆಗೆ ಗೊತ್ತಾಯಿತು. "ಇದು ವಿಯೆಟ್ನಾಂದು ಅಲ್ವಾ?" ಅಂದೆ. ಅವರು ನಕ್ಕರು, ಉತ್ತರ ಹೇಳಲಿಲ್ಲ.

ಒಳಗಿನ ಲೆಕ್ಕ ಹೀಗೆ. ಪ್ರಪಂಚದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವುದು ವಿಯೆಟ್ನಾಂ. ಆಗ ಅಲ್ಲಿಂದ ನೇರ ತಂದರೆ ಶೇ 50ಕ್ಕಿಂತ ಜಾಸ್ತಿ ಸುಂಕ ಇತ್ತು. ಶ್ರೀಲಂಕಾದ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದ ಇದೆ. 1998ರಲ್ಲಿ ಸಹಿ, 2000ದಿಂದ ಜಾರಿ. ಅದರಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಸಾಫ್ಟಾ ಎಂಬ ದಕ್ಷಿಣ ಏಷ್ಯಾ ದೇಶಗಳ ವ್ಯಾಪಾರ ಒಪ್ಪಂದದ ಲೆಕ್ಕದಲ್ಲಿ ಶೇ 8. ಹಾಗಾಗಿ ವಿಯೆಟ್ನಾಂ ಮಾಲು ಕೊಲಂಬೊದಲ್ಲಿ ಇಳಿದು, ಹೊಸ ಕಾಗದ ಮಾಡಿಸಿಕೊಂಡು, ಶ್ರೀಲಂಕಾದ ಮೆಣಸಾಗಿ ನಮ್ಮ ಬಂದರಿಗೆ ಬರುತ್ತಿತ್ತು. ರೈತರು ಕೂಗಿ ಕೂಗಿ ಕೊನೆಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ತರುವ ಹಾಗಿಲ್ಲ ಅಂತ ದೆಹಲಿ ಆದೇಶ ಮಾಡಿತು. ಅಡಿಕೆಯ ಕಥೆಯೂ ಇದೇ. ಇಂಡೋನೇಷ್ಯಾದ ಅಡಿಕೆ ಶ್ರೀಲಂಕಾದ ಹೆಸರು ಹೊತ್ತು ಬರುತ್ತದೆ, ಇಲ್ಲವೇ ಬರ್ಮಾ ಗಡಿಯಲ್ಲಿ ನುಸುಳುತ್ತದೆ. 2023ರಲ್ಲಿ ಆಮದು ಅಡಿಕೆಗೆ ಕಿಲೋಗೆ 351 ರೂಪಾಯಿ ಕನಿಷ್ಠ ಬೆಲೆ ಅಂತ ಮಾಡಿದರು. ನಮ್ಮ ಚಾಲಿ ಅಡಿಕೆ ಒಣಗಲು ಅಂಗಳದಲ್ಲಿ ಎಷ್ಟು ಬಿಸಿಲು ಬೇಕು, ಮೋಡ ಕಂಡರೆ ರಾಶಿ ಮಾಡಲು ಮನೆಮಂದಿಯೆಲ್ಲ ಹೇಗೆ ಓಡಬೇಕು ಅಂತ ಕೊಲಂಬೊದಲ್ಲಿ ಸೀಲು ಹಾಕುವವನಿಗೆ ಗೊತ್ತಿದೆಯಾ?

ನಾನು ಶ್ರೀಲಂಕಾದ ರೈತನನ್ನು ಬೈಯುವುದಿಲ್ಲ. ಅವನ ಮೆಣಸಿನ ಹೆಸರು ಕೆಟ್ಟಿತು, ನನ್ನ ಮೆಣಸಿನ ರೇಟು ಬಿತ್ತು. ನಾವಿಬ್ಬರೂ ಒಬ್ಬರ ಮೇಲೊಬ್ಬರು ಹಲ್ಲು ಕಡಿದೆವು. ದುಡ್ಡು ಮಾಡಿದವನು ಮೂರನೆಯವನು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ.

ನೇಪಾಳಕ್ಕೆ, ಶ್ರೀಲಂಕಾಕ್ಕೆ ನಾವೇ ಹೊರಗಿನವರಲ್ವಾ, ನಾವು ಕೈ ಹಾಕಲಿಲ್ವಾ ಅಂತ ಟೀಚರ್ ಕೇಳಬಹುದು. ಇದು ಓದಿದವರು ಕೇಳುವ ಪ್ರಶ್ನೆ. ನೂರಾರು ವರ್ಷ ಯಾತ್ರೆ, ಮದುವೆ, ವ್ಯಾಪಾರ ನಡೆದ ಊರುಗಳಿವು. ನಮ್ಮನ್ನೂ ಅಮೆರಿಕವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮುಂದೆ ಹೋಗೋಣ.

ಹೊರಗಿನವರು ಇಲ್ಲದಿದ್ದಾಗ ಕೆಲಸ ಆಗಿದೆ ಅನ್ನುವುದಕ್ಕೆ ಲೆಕ್ಕ ಇದೆ. 1972ರಲ್ಲಿ ಶಿಮ್ಲಾದಲ್ಲಿ ಇಂದಿರಾ ಗಾಂಧಿ, ಭುಟ್ಟೊ ಇಬ್ಬರೇ ಕೂತು ಮಾತಾಡಿದರು, ಒಪ್ಪಂದ ಆಯಿತು. ಬಾಂಗ್ಲಾದೇಶದ ಜೊತೆ ಗಡಿ ಒಪ್ಪಂದ ಆಯಿತು, 2015ರಲ್ಲಿ ಭೂಮಿ ಬದಲಾಯಿಸಿಕೊಂಡೆವು, ಒಂದು ಗುಂಡೂ ಹಾರಲಿಲ್ಲ. ಅಲ್ಲಿ ಅಮೆರಿಕ ಇರಲಿಲ್ಲ, ಚೀನಾ ಇರಲಿಲ್ಲ.

2025ರ ಮೇ 10ರಂದು ಏನಾಯಿತು ನೆನಪಿದೆಯಾ? ಭಾರತ, ಪಾಕಿಸ್ತಾನದ ನಡುವೆ ನಾಲ್ಕು ದಿನ ಹೊಡೆದಾಟ. ಕದನವಿರಾಮ ಆಯಿತು ಅಂತ ಪ್ರಪಂಚಕ್ಕೆ ಮೊದಲು ಸಾರಿದ್ದು ವಾಷಿಂಗ್ಟನ್ನಿನಲ್ಲಿ ಕೂತ ಟ್ರಂಪ್. ಎರಡೂ ಕಡೆಯ ಸೇನಾಧಿಕಾರಿಗಳು ನೇರವಾಗಿ ಮಾತಾಡಿ ನಿಲ್ಲಿಸಿದ್ದು ಅಂತ ದೆಹಲಿ ಹೇಳಿತು. ನಾನು ದೆಹಲಿಯ ಮಾತನ್ನೇ ನಂಬುತ್ತೇನೆ. ಆದರೆ ಆಮೇಲೆ ಆತ ತಾನೇ ನಿಲ್ಲಿಸಿದ್ದು ಅಂತ ಎಷ್ಟು ಸಲ ಹೇಳಿಕೊಂಡ! ಜಗಳ ಆಗುವಾಗಲೂ ಅವರು ಬೇಕು, ನಿಲ್ಲುವಾಗಲೂ ಅವರದೇ ಹೆಸರು. ಟೀಚರ್ ಇದಕ್ಕೇನು ಹೇಳುತ್ತಾರೋ ಓದಬೇಕು.

ವಿರೋಧ: ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟಬೇಡಿ

ಪರ ಬದಿ ಆಗಲೇ ಹೋಗಿಬಿಟ್ಟಿದೆ, ನೀವು ವಿರೋಧ ಬರೀರಿ ಟೀಚರ್ ಅಂದರು. ಆಯಿತು ಅಂದೆ. ಹೊರಗಿನವರ ಕೈ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಹಾಗೆ ಬರೆದರೆ ನನ್ನ ಹಳೆಯ ಮಕ್ಕಳೇ ನಗುತ್ತಾರೆ. ಆದರೆ 'ಮುಖ್ಯ ಕಾರಣವೇ' ಅಂತ ಕೇಳಿದ್ದಾರಲ್ಲ, ಅದಕ್ಕೆ ಅಲ್ಲ ಅನ್ನಬಹುದು.

ಪರ ಬರೆದವರು ಯಾರು ಅಂತ ನನಗೆ ಗೊತ್ತು. ರ್ಯಾಡ್‌ಕ್ಲಿಫ್ ಸಾಹೇಬನ ಹೆಸರು ಬಂದೇ ಬಂದಿರುತ್ತದೆ, ಪಂಥ ಕಟ್ಟುತ್ತೇನೆ. ಅವರ ಲೆಕ್ಕದಲ್ಲಿ ಮನೆಯಲ್ಲಿ ಹಾಲು ಒಡೆದರೂ ಸಿಐಎ ಮಾಡಿದ್ದು. ಅಮೆರಿಕ ಪಾಕಿಸ್ತಾನಕ್ಕೆ ಬಂದೂಕು ಕೊಟ್ಟಿತು, ಹೌದು, ಕೊಟ್ಟಿತು. ಅದು ಎಲ್ಲರಿಗೂ ಗೊತ್ತಿರುವುದೇ.

ನಾನು ಒಂದು ಇಸವಿಯಿಂದ ಶುರು ಮಾಡುತ್ತೇನೆ. 1956. ಕಾಸರಗೋಡಿನ ಕನ್ನಡದವರಿಗೆ ಈ ಇಸವಿ ಹೇಳಿಕೊಡಬೇಕಾಗಿಲ್ಲ. ಅದುವರೆಗೆ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು. ಅದೇ ವರ್ಷ ಜೂನ್‌ನಲ್ಲಿ ಶ್ರೀಲಂಕಾದಲ್ಲಿ ಬಂಡಾರನಾಯಕೆ ಸರಕಾರ ಒಂದು ಕಾಯ್ದೆ ಮಾಡಿತು. ಸಿಂಹಳ ಒಂದೇ ಸರಕಾರಿ ಭಾಷೆ. ತಮಿಳರಿಗೆ ಕಚೇರಿಯ ಅರ್ಜಿ, ಕೆಲಸದ ಪರೀಕ್ಷೆ, ಎಲ್ಲ ಒಂದೇ ದಿನಕ್ಕೆ ಪರಭಾಷೆ ಆಯಿತು. ಆ ಕಾಯ್ದೆ ಮಾಡಿ ಅಂತ ಅಮೆರಿಕ ಹೇಳಿತ್ತಾ? ರಷ್ಯಾ ಹೇಳಿತ್ತಾ? ಓಟಿಗೆ ಬೇಕಿತ್ತು, ಮಾಡಿದರು. 1983ರ ಜುಲೈಯ ಗಲಭೆ, ಆಮೇಲಿನ ಯುದ್ಧ, ಎಲ್ಲದರ ಬೇರು ಅಲ್ಲಿದೆ. ಪೂರ್ವ ಪಾಕಿಸ್ತಾನದ್ದೂ ಇದೇ. 1948ರಲ್ಲಿ ಜಿನ್ನಾ ಢಾಕಾಕ್ಕೆ ಹೋಗಿ ಉರ್ದು ಒಂದೇ ರಾಷ್ಟ್ರಭಾಷೆ ಎಂದರು. 1952ರ ಫೆಬ್ರವರಿ 21ಕ್ಕೆ ಬಂಗಾಳಿ ಕೇಳಿದ ಹುಡುಗರ ಮೇಲೆ ಗುಂಡು ಹಾರಿತು. ಗುಂಡು ಹಾರಿಸಿದ್ದು ಅವರದೇ ಪೊಲೀಸರು. ಕಿಸಿಂಜರ್ ಬರುವುದಕ್ಕೆ ಇನ್ನೂ ಹತ್ತೊಂಬತ್ತು ವರ್ಷ ಇತ್ತು.

ನಮ್ಮ ಜಗಳಕ್ಕಾದರೂ ಆಯೋಗ ಬಂತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದಿತು. ವರದಿ ಕಪಾಟಿನಲ್ಲಿ ಉಳಿಯಿತು. ಅದನ್ನೂ ಯಾವ ಹೊರದೇಶವೂ ತಡೆಯಲಿಲ್ಲ.

ಗಡಿ ಮುಚ್ಚುವುದಕ್ಕೆ ಹೊರಗಿನವರು ಬೇಕಾಗಿಲ್ಲ ಅಂತ ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. 2020ರ ಮಾರ್ಚ್ ಕೊನೆ. ಕೊರೊನಾ ಬಂದಿತ್ತು. ಕೇರಳ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ಹೆದ್ದಾರಿ ಬಂದ್. ಒಳದಾರಿಗಳಿಗೆಲ್ಲ ಮಣ್ಣು ಸುರಿದಿದ್ದರು. ನಮಗೆ ಮಂಗಳೂರು ಬೇರೆ ರಾಜ್ಯ ಅಂತ ಅನಿಸಿದ್ದೇ ಇಲ್ಲ. ಜವಳಿಗೂ ಮಂಗಳೂರು, ಮಕ್ಕಳ ಕಾಲೇಜಿಗೂ ಮಂಗಳೂರು, ಆಸ್ಪತ್ರೆಗಂತೂ ಮಂಗಳೂರೇ. ನನ್ನ ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಅದನ್ನು ತಪ್ಪಿಸುವ ಹಾಗಿಲ್ಲ. ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ಬ್ಯಾರಿಕೇಡ್ ಹತ್ತಿರ ನಿಂತ ಪೊಲೀಸಿನವನು ಪಾಪ ಚಿಕ್ಕ ಹುಡುಗ. ನನ್ನ ಜೊತೆ ಕನ್ನಡದಲ್ಲೇ ಮಾತಾಡಿದ. "ಅಮ್ಮಾ, ಮೇಲಿಂದ ಆರ್ಡರ್, ನಾನೇನು ಮಾಡಲಿ?" ಅಂದ. ಫೈಲು ತೋರಿಸಿದೆ. ನೋಡಿ ವಾಪಸು ಕೊಟ್ಟ. ಅತ್ತೆ ಹಿಂದಿನ ಸೀಟಿನಿಂದ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಕಾಲು ಊದಿದ್ದನ್ನು ಸೀರೆಯಲ್ಲಿ ಮುಚ್ಚಿಕೊಂಡು ಕೂತರು.

ನನ್ನ ತಮ್ಮ ಉಳ್ಳಾಲದಲ್ಲಿದ್ದಾನೆ. ಒಳದಾರಿಯ ಒಂದು ಮಣ್ಣಿನ ರಾಶಿಯ ಆ ಕಡೆ ಅವನು ಬಂದು ನಿಂತ, ಈ ಕಡೆ ನನ್ನವರು. ಮಾತ್ರೆಯ ಕಟ್ಟನ್ನು ಎಸೆದ, ಇವರು ಹಿಡಿದರು. ನಡುವೆ ಒಂದಾಳು ಎತ್ತರದ ಕೆಂಪು ಮಣ್ಣು. ಆಮೇಲೆ ಯಾರ್ಯಾರಿಗೋ ಫೋನು ಮಾಡಿ ಕಣ್ಣೂರು ಕಡೆ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು, ಅತ್ತೆ ಉಳಿದರು. ಎಲ್ಲರ ಮನೆಯಲ್ಲೂ ಹಾಗಾಗಲಿಲ್ಲ. ದಾರಿಯಲ್ಲೇ ಹೋದವರಿದ್ದಾರೆ. ಕೇಸು ಕೇರಳದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳನ್ನು ಬಿಡುವುದಕ್ಕೆ ಒಂದು ಕ್ರಮ ಅಂತ ಆಯಿತು.

ಒಂದೇ ದೇಶ, ಒಂದೇ ಭಾಷೆ, ಒಂದೇ ದೇವಸ್ಥಾನದ ಜಾತ್ರೆಗೆ ಹೋಗುವ ಜನ. ವೈರಸ್ ಚೀನಾದ್ದು ಅಂತ ಪರದವರು ಹೇಳಿಯಾರು. ಮಣ್ಣು ಮಾತ್ರ ಇಲ್ಲಿನದೇ.

ಇಷ್ಟು ಬರೆದ ಮೇಲೆ ನೇಪಾಳದ್ದು ನೆನಪಾಗುತ್ತದೆ. 2015ರ ಏಪ್ರಿಲ್‌ನಲ್ಲಿ ಅಲ್ಲಿ ಭೂಕಂಪ. ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ. ಕೂಡಲೇ ಗಡಿಯಲ್ಲಿ ಲಾರಿಗಳು ನಿಂತವು. ನೇಪಾಳದ ಗಡಿ ಬಯಲಿನ ಮಧೇಶಿ ಜನರ ಪ್ರತಿಭಟನೆಯಿಂದ ಆದದ್ದು ಅಂತ ದೆಹಲಿ ಹೇಳಿತು. ಕಠ್ಮಂಡುವಿನವರು ನಂಬಲಿಲ್ಲ. ತಿಂಗಳುಗಟ್ಟಲೆ ಪೆಟ್ರೋಲು ಇಲ್ಲ, ಗ್ಯಾಸ್ ಇಲ್ಲ, ಚಳಿಗಾಲಕ್ಕೆ ಜನ ಸೌದೆ ಒಲೆ ಹಚ್ಚಿದರು. 2016ರ ಮಾರ್ಚಿನಲ್ಲಿ ಪ್ರಧಾನಿ ಓಲಿ ಬೀಜಿಂಗಿಗೆ ಹೋಗಿ ಚೀನಾದ ಬಂದರು ಬಳಸುವ ಒಪ್ಪಂದ ಮಾಡಿಕೊಂಡರು. ಚೀನಾ ಬಂತು ಬಂತು ಅಂತ ನಾವೀಗ ಹೇಳುತ್ತೇವೆ. ಅದು ಬರುವ ಹೊತ್ತಿಗೆ ನಮ್ಮ ಲಾರಿಗಳು ಎಲ್ಲಿ ನಿಂತಿದ್ದವು?

ಶ್ರೀಲಂಕಾದವರ ಮಟ್ಟಿಗೆ ಹೊರಗಿನ ಕೈ ಅಂದರೆ ನಾವೇ. ಎಂಬತ್ತರ ದಶಕದಲ್ಲಿ ತಮಿಳು ಉಗ್ರರಿಗೆ ನಮ್ಮಲ್ಲಿ ತರಬೇತಿ ಸಿಕ್ಕಿತ್ತು. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆಯಿತಲ್ಲ, ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಬಂದಿದ್ದರು. ಆಗ ತಮಿಳು ಹುಲಿಗಳ ನಾಯಕ ಪ್ರಭಾಕರನ್‌ನನ್ನೂ ಬೆಂಗಳೂರಿಗೆ ಕರೆಸಿ ಮಾತುಕತೆ ನಡೆಸಿದರು. ಆಗಲಿಲ್ಲ. ಮರುವರ್ಷ ಒಪ್ಪಂದ, ಶಾಂತಿಪಾಲನಾ ಪಡೆ. ಕೊಲಂಬೊದಲ್ಲಿ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಗಾಂಧಿಯವರ ಮೇಲೆ ಅಲ್ಲಿನ ನ್ಯಾವಿಯವನೊಬ್ಬ ಬಂದೂಕು ತಿರುಗಿಸಿ ಬೀಸಿದ. ನಮ್ಮ ಸುಮಾರು 1,200 ಸೈನಿಕರು ಅಲ್ಲಿ ಸತ್ತರು. 1990ರಲ್ಲಿ ಪಡೆ ವಾಪಸು ಬಂತು, 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಹತ್ಯೆ. ಇದಕ್ಕೆ ಯಾರನ್ನು ಬೈಯುವುದು?

ಹೊರಗಿನವರು ಸೇರಿದ್ದೆಲ್ಲ ಕೆಟ್ಟದ್ದೂ ಅಲ್ಲ. ಸಿಂಧೂ ನದಿ ಒಪ್ಪಂದ ಆದದ್ದು ವಿಶ್ವಬ್ಯಾಂಕ್ ನಡುವೆ ಕೂತದ್ದರಿಂದ. 1960ರಲ್ಲಿ ಕರಾಚಿಯಲ್ಲಿ ನೆಹರೂ, ಅಯೂಬ್ ಖಾನ್ ಸಹಿ. 1965, 1971, ಕಾರ್ಗಿಲ್, ಮೂರು ಯುದ್ಧ ಆದರೂ ಅದು ಮುರಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಭಾರತ ಅದನ್ನು ತಡೆಹಿಡಿಯಿತು. ಸರಿಯೋ ತಪ್ಪೋ, ಆ ತೀರ್ಮಾನವೂ ಇಲ್ಲಿನದೇ. ಬಂಗಾಳ ಕೊಲ್ಲಿಯ ಸಮುದ್ರದ ಪಾಲಿನ ತಕರಾರನ್ನು 2014ರಲ್ಲಿ ಹೇಗ್‌ನ ಪಂಚಾಯಿತಿ ತೀರ್ಮಾನ ಮಾಡಿತು. ಜಾಸ್ತಿ ಪಾಲು ಬಾಂಗ್ಲಾಕ್ಕೆ ಹೋಯಿತು. ನಾವು ಒಪ್ಪಿದೆವು.

ಪರದವರು 2015ರ ಭೂಮಿ ಬದಲಾವಣೆಯನ್ನು ಹೇಳಿರುತ್ತಾರೆ. ಮುಂದಿನ ಲೆಕ್ಕ ನಾನು ಹೇಳುತ್ತೇನೆ. ಬಾಂಗ್ಲಾದ ಒಳಗೆ ನಮ್ಮ 111 ತುಂಡು ಜಾಗ, ನಮ್ಮೊಳಗೆ ಅವರ 51. ಒಂದು ಕಡೆಯಂತೂ ಬಾಂಗ್ಲಾದ ಒಳಗೆ ಭಾರತ, ಅದರೊಳಗೆ ಬಾಂಗ್ಲಾ, ಅದರೊಳಗೆ ಮತ್ತೆ ಒಂದು ಗದ್ದೆಯಷ್ಟು ಭಾರತ. ಅಲ್ಲಿನವರಿಗೆ ರೇಷನ್ ಕಾರ್ಡು ಇಲ್ಲ, ಕರೆಂಟು ಇಲ್ಲ, ಆಸ್ಪತ್ರೆಗೆ ಹೋಗಬೇಕಾದರೆ ಸುಳ್ಳು ವಿಳಾಸ ಕೊಡಬೇಕು. 1974ರಲ್ಲೇ ಇಂದಿರಾ ಗಾಂಧಿ, ಬಾಂಗ್ಲಾದ ಪ್ರಧಾನಿ ಮುಜೀಬ್ ಸಹಿ ಹಾಕಿದ್ದರು. ಬಾಂಗ್ಲಾ ಸಂಸತ್ತು ಅದೇ ವರ್ಷ ಒಪ್ಪಿತು. ನಮ್ಮ ಸಂಸತ್ತು ಒಪ್ಪಿದ್ದು 2015ರಲ್ಲಿ. 41 ವರ್ಷ ಆ ಜನರನ್ನು ಕಾಯಿಸಿದ್ದು ಯಾವ ಸಿಐಎ?

ಫರಕ್ಕಾದಲ್ಲಿ ಗಂಗೆಯ ನೀರು ಹಂಚಿಕೊಳ್ಳುವ ಒಪ್ಪಂದ 1996ರ ಡಿಸೆಂಬರಿನದ್ದು. 30 ವರ್ಷಕ್ಕೆ ಮಾಡಿದ್ದು, 2026ರ ಡಿಸೆಂಬರಿಗೆ ಅವಧಿ ಮುಗಿಯುತ್ತದೆ. ತೀಸ್ತಾ ನದಿಯದ್ದು 2011ರಲ್ಲಿ ಸಹಿ ಆಗಬೇಕಿತ್ತು, ಕೋಲ್ಕತ್ತದ ರಾಜ್ಯ ಸರಕಾರ ಬೇಡ ಎಂದಿತು, ಅಲ್ಲಿಗೇ ನಿಂತಿತು. ಈ ಎರಡು ನದಿಯ ವಿಷಯದಲ್ಲಿ ಮಾತಾಡಬೇಕಾದವರು ದೆಹಲಿಯವರು, ಢಾಕಾದವರು, ಕೋಲ್ಕತ್ತದವರು. ಬೇಸಿಗೆಯಲ್ಲಿ ಎಷ್ಟು ಕ್ಯೂಸೆಕ್ ಯಾರಿಗೆ ಅಂತ ಹೇಳಲಿಕ್ಕೆ ಟ್ರಂಪ್ ಬರಬೇಕಾಗಿಲ್ಲ, ಅಲ್ವಾ?